ಉಗ್ರಾಣದಲ್ಲಿ ಸಾಯುವ ಬೀಜ

ಮೃಗಶಿರೆಯ ಮಳೆಯು ಹದವಾಗಿ ಬಿದ್ದು, ಒಕ್ಕಲಿಗನು ಕೂರಿಗೆಯನ್ನು ಹೂಡಿ ಸೋಯಾ ಅವರೆಯನ್ನು ಬಿತ್ತಿದ ತರುವಾಯ ಸುಮಾರು ಒಂದು ವಾರದೊಳಗಾಗಿ ಸಾಲುಗಳು ಕಣ್ಣಿಗೆ ಕಾಣಿಸತಕ್ಕದ್ದು. ಕಾಣಿಸದೆ ಹೋದಾಗ ಬೀದರ, ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಹುಟ್ಟುವ ವಾದವು ನಮ್ಮ ವಾಚಕರಿಗೆ ಹೊಸದಲ್ಲ. ಬೀಜವೇ ಸತ್ತಿತ್ತೆಂದು ಒಕ್ಕಲಿಗನು ದೂರುತ್ತಾನೆ. ಆಳವಾಗಿ ಬಿತ್ತಿದಿರಿ, ಹಸಿ ಸಾಲದೆ ಬಿತ್ತಿದಿರಿ, ಬಿತ್ತಿದ ಮರುದಿನ ಮಳೆ ಹೊಡೆದು ಮೇಲ್ಮಣ್ಣು ಬಿರುಸಾಯಿತು ಎಂದು ಬೀಜವನ್ನು ಮಾರಿದವರು ಉತ್ತರ ಕೊಡುತ್ತಾರೆ. ಚೀಲಕ್ಕೆ ಹೊಲಿದ ಚೀಟಿಯನ್ನು ತಿರುವಿ ನೋಡಿದ ಅಧಿಕಾರಿಯು ಎಲ್ಲವೂ ನಿಯಮದಂತೆಯೇ ಇರುವುದನ್ನು ಕಂಡು ಸುಮ್ಮನಾಗುತ್ತಾನೆ. ಈ ಮೂವರೂ ತಮ್ಮ ತಮ್ಮ ಮಟ್ಟಿಗೆ ನಿಜವನ್ನೇ ನುಡಿಯುತ್ತಿರಬಹುದು. ಆದರೆ ಈ ವ್ಯಾಜ್ಯದಲ್ಲಿ ಸಾಕ್ಷಿಯಾಗಿ ನಿಲ್ಲಬೇಕಾದುದು ಮತ್ತೊಂದುಂಟು; ಅದನ್ನು ಯಾರೂ ಕರೆಯುವುದಿಲ್ಲ. ಕಾರ್ತಿಕದಿಂದ ಜ್ಯೇಷ್ಠದವರೆಗೆ ಆ ಬೀಜವು ಬಿದ್ದುಕೊಂಡಿದ್ದ ಉಗ್ರಾಣವೇ ಆ ಸಾಕ್ಷಿ.

ಇದು ಒಂದು ಜಿಲ್ಲೆಯ ಅಥವಾ ಒಂದು ವರುಷದ ಗೋಳೆಂದು ಯಾರೂ ತಿಳಿಯದಿರಲಿ. ೨೦೨೦ರ ಮುಂಗಾರಿನಲ್ಲಿ ನಮ್ಮ ನೆರೆಯ ಮರಾಠವಾಡೆಯಲ್ಲಿ ಸೋಯಾ ಬೀಜವು ಮೊಳೆಯದೆ ಹೋದ ದೂರುಗಳು ಎಷ್ಟು ಬಂದುವೆಂದರೆ, ಮುಂಬಯಿ ಹೈಕೋರ್ಟಿನ ಔರಂಗಾಬಾದು ಪೀಠವು ವೃತ್ತಪತ್ರಿಕೆಗಳ ವರದಿಗಳನ್ನು ನೋಡಿ ತಾನಾಗಿಯೇ ಆ ವಿಷಯವನ್ನು ವಿಚಾರಣೆಗೆ ತೆಗೆದುಕೊಂಡಿತು. ಅದಕ್ಕೆ ಹಿಂದಿನ ೨೦೧೯ರ ಕೊಯ್ಲಿನ ಕಾಲದಲ್ಲಿ ಅಕಾಲದ ಮಳೆಯು ಫಸಲನ್ನು ನೆನೆಸಿತ್ತೆಂಬುದನ್ನು ಬಲ್ಲವರು ಆಗಲೇ ಹೇಳಿದ್ದರು. ಹೀಗೆ ಹೊಲದಲ್ಲಿಯೇ ಅರೆಜೀವವಾಗಿ ಬಂದ ಬೀಜವು ಎಂಟು ತಿಂಗಳು ಯಾವ ಬಗೆಯ ಕೋಣೆಯಲ್ಲಿ ಇರಬೇಕಾಗಿತ್ತು, ಯಾವ ಬಗೆಯ ಕೋಣೆಯಲ್ಲಿ ಇತ್ತು ಎಂಬ ಪ್ರಶ್ನೆಗೆ ಮಾತ್ರ ಸಿಗಬೇಕಾದಷ್ಟು ಗಮನವು ಸಿಗಲಿಲ್ಲ. ಅಪರಾಧಿಯನ್ನು ಹುಡುಕುವ ಆತುರದಲ್ಲಿ ಅಪರಾಧವು ನಡೆದ ಸ್ಥಳವನ್ನು ನೋಡುವುದು ಉಳಿಯಿತು.

ಸೋಯಾ ಅವರೆಯು ನಮ್ಮ ಪೂರ್ವಜರ ಧಾನ್ಯವಲ್ಲ. ೧೯೩೫ರಲ್ಲಿ ಗಾಂಧೀಜಿಯವರು ವಾರ್ಧಾದ ಮಗನವಾಡಿಯಲ್ಲಿ ಇದನ್ನು ಆಹಾರವಾಗಿ ಪ್ರಯೋಗಿಸಿ ‘ಹರಿಜನ’ದಲ್ಲಿ ಬರೆದಾಗ ಈ ದೇಶದ ಬಹುಜನರಿಗೆ ಅದರ ಹೆಸರೇ ಅಪರಿಚಿತವಾಗಿತ್ತು. ದೊಡ್ಡ ಪ್ರಮಾಣದ ಬೇಸಾಯಕ್ಕೆ ಅದು ಬಂದದ್ದು ೧೯೬೦ರ ದಶಕದಲ್ಲಿ ಜಬಲಪುರ ಮತ್ತು ಪಂತನಗರದ ಕೃಷಿ ವಿಶ್ವವಿದ್ಯಾನಿಲಯಗಳು ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಸಹಕಾರದಿಂದ ನಡೆಸಿದ ಪ್ರಯತ್ನಗಳ ಮೇಲೆ. ಮಾಳವದಲ್ಲಿ ಬೇರೂರಿ, ಅಲ್ಲಿಂದ ದಕ್ಷಿಣಕ್ಕೆ ಇಳಿದು, ಮಹಾರಾಷ್ಟ್ರವನ್ನು ದಾಟಿ ಅದು ನಮ್ಮ ಬಡಗಣ ಜಿಲ್ಲೆಗಳನ್ನು ಸೇರಿತು. ಬೆಳೆಯು ಬಂದಿತು, ಬೆಲೆಯೂ ಬಂದಿತು. ಆದರೆ ಅದರ ಬೀಜವನ್ನು ಕಾಪಾಡುವ ವಿದ್ಯೆಯು ಅಜ್ಜಿಯ ಬಾಯಿಂದ ಮೊಮ್ಮಗಳಿಗೆ ಬರಲು ಅವಕಾಶವೆಲ್ಲಿತ್ತು?

ಜೋಳದ ವಿಷಯವನ್ನೇ ನೋಡಿರಿ. ವಿಜಯಪುರ, ಧಾರವಾಡ ಸೀಮೆಯ ಒಕ್ಕಲಿಗನು ಉಣ್ಣುವ ಜೋಳವನ್ನು ಹಗೇವಿಗೆ ಹಾಕಿದನು. ಬಿತ್ತುವ ಜೋಳಕ್ಕೆ ಬೇರೆ ಏರ್ಪಾಡು ಮಾಡಿದನು. ಒಳ್ಳೆಯ ತೆನೆಗಳನ್ನು ಆರಿಸಿ ತೊಲೆಗೆ ಕಟ್ಟಿ ಹೊಗೆಯಾಡಿಸಿದನು, ಇಲ್ಲವೆ ಬೂದಿಯನ್ನು ಕಲಸಿ ಗಡಿಗೆಯಲ್ಲಿ ತುಂಬಿ ಬಾಯಿಗೆ ಸೆಗಣಿ ಮೆತ್ತಿದನು. ಉಣ್ಣುವ ಕಾಳು ಬೇರೆ, ಬಿತ್ತುವ ಕಾಳು ಬೇರೆ ಎಂಬ ಈ ವಿವೇಕವು ನಮ್ಮ ಮನೆಗಳಲ್ಲಿ ಇದ್ದೇ ಇತ್ತು. ಸೋಯಾ ಅವರೆಯು ಬಂದಾಗ ಅದು ಎಣ್ಣೆಯ ಗಿರಣಿಯ ಮಾಲಾಗಿ ಬಂದಿತು. ವರ್ತಕನ ಗುದಾಮಿನಲ್ಲಿ ಗಿರಣಿಗೆ ಹೋಗುವ ಮೂಟೆಗಳೂ ಬಿತ್ತನೆಗೆ ಹೋಗುವ ಮೂಟೆಗಳೂ ಒಂದೇ ತಗಡಿನ ಕೆಳಗೆ ಒಂದರ ಮೇಲೊಂದು ಏರಿದುವು. ಗಿರಣಿಯ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇಲ್ಲ. ಸತ್ತ ಕಾಳಿನಲ್ಲಿಯೂ ಎಣ್ಣೆಯಿರುತ್ತದೆ, ಹಿಂಡಿಯಿರುತ್ತದೆ. ಗಿರಣಿಗೆ ಬೇಕಾದುದು ಕಾಳಿನ ತೂಕ. ಹೊಲಕ್ಕೆ ಬೇಕಾದುದು ಅದರ ಜೀವ.

ಮಿಕ್ಕ ಧಾನ್ಯಗಳಿಗಿಲ್ಲದ ಅಲ್ಪಾಯುಷ್ಯವು ಇದಕ್ಕೇಕೆ ಎಂದು ಕೇಳುವವರು ಒಂದು ಕಾಳನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಬಹುದು. ಸಿಪ್ಪೆಯು ಕಾಗದದಷ್ಟು ತೆಳು. ಮುಂದೆ ಬೇರಾಗಬೇಕಾದ ಎಳೆಯು ಆ ಸಿಪ್ಪೆಯ ಕೆಳಗೇ, ಅಂಚಿನಲ್ಲಿ, ಯಾವ ರಕ್ಷಣೆಯೂ ಇಲ್ಲದೆ ಮಲಗಿರುತ್ತದೆ. ಬತ್ತದಂತೆ ಹೊಟ್ಟಿನ ಕವಚವಿಲ್ಲ. ಕಾಳಿನ ಒಳಗೆ ಸುಮಾರು ನೂರಕ್ಕೆ ೪೦ರಷ್ಟು ಸಸಾರಜನಕವೂ ೨೦ರಷ್ಟು ಎಣ್ಣೆಯೂ ಇರುವುದರಿಂದಲೇ ಇದಕ್ಕೆ ಇಷ್ಟು ಬೆಲೆ. ಆದರೆ ಈ ಐಶ್ವರ್ಯವೇ ಅದಕ್ಕೆ ಮುಳುವು. ಸಸಾರಜನಕವು ಗಾಳಿಯೊಳಗಿನ ತೇವವನ್ನು ಹೀರುತ್ತದೆ. ಎಣ್ಣೆಯು ಬೆಚ್ಚಗಿನ ಕೋಣೆಯಲ್ಲಿ ಗಾಳಿಯ ಆಮ್ಲಜನಕದೊಡನೆ ಸೇರಿ ಮೆಲ್ಲಮೆಲ್ಲನೆ ಕಮಟುತ್ತದೆ. ಹಾಗೆ ಕಮಟುವಾಗ ಹುಟ್ಟುವ ವಸ್ತುಗಳು ಜೀವಕೋಶಗಳ ಸುತ್ತಣ ಪೊರೆಗಳನ್ನು ತಿಂದು ಹಾಕುತ್ತವೆ. ಇಂಥ ಬೀಜವನ್ನು ನೀರಿನಲ್ಲಿ ನೆನೆಯಿಟ್ಟರೆ ಅದರೊಳಗಿನ ಸಕ್ಕರೆಯೂ ಲವಣಗಳೂ ಸೋರಿ ಹೊರಗೆ ಬರುತ್ತವೆ. ಆ ನೀರಿನಲ್ಲಿ ವಿದ್ಯುತ್ತು ಎಷ್ಟು ಸಲೀಸಾಗಿ ಹರಿಯುತ್ತದೆಂದು ಅಳೆದು ಬೀಜದ ಮುಪ್ಪನ್ನು ಪ್ರಯೋಗಶಾಲೆಯಲ್ಲಿ ಕಂಡುಹಿಡಿಯುತ್ತಾರೆ. ಹೊಲದಲ್ಲಿ ಆ ಸಕ್ಕರೆಗೆ ಮಣ್ಣಿನ ಬೂಷ್ಟು ಮುತ್ತುತ್ತದೆ.

ಇಷ್ಟೆಲ್ಲ ನಡೆದರೂ ಕಾಳಿನ ಮೇಲೆ ಒಂದು ಗೆರೆಯೂ ಮೂಡುವುದಿಲ್ಲವೆಂಬುದೇ ದೊಡ್ಡ ಮೋಸ. ಹೆಸರು, ಅಲಸಂದಿ, ಕಡಲೆಗಳಿಗೆ ಉಗ್ರಾಣದಲ್ಲಿ ಹುಳು ಬೀಳುತ್ತದೆ; ತೂತು ಬಿದ್ದ ಕಾಳನ್ನು ಕುರುಡನೂ ತಡವಿ ಗುರುತಿಸಿಯಾನು. ಸೋಯಾ ಅವರೆಗೆ ಉಗ್ರಾಣದ ಹುಳುವಿನ ಕಾಟವು ತೀರ ಕಡಿಮೆ. ಜ್ಯೇಷ್ಠದಲ್ಲಿ ಚೀಲವನ್ನು ಬಿಚ್ಚಿದಾಗ ಕಾಳು ಹಳದಿಯಾಗಿ, ದುಂಡಗೆ, ಹೊಳೆಯುತ್ತಲೇ ಇರುತ್ತದೆ. ಕೊಳ್ಳುವವನ ಕಣ್ಣಿಗೂ ಮಾರುವವನ ಕಣ್ಣಿಗೂ ಅದು ಉತ್ತಮ ಬೀಜವೇ.

ಬೀಜದ ಆಯುಸ್ಸನ್ನು ಲೆಕ್ಕ ಹಾಕುವುದಕ್ಕೆ ಕ್ಯಾಲಿಫೋರ್ನಿಯದ ಬೀಜಶಾಸ್ತ್ರಜ್ಞ ಜೇಮ್ಸ್ ಹ್ಯಾರಿಂಗ್ಟನ್ ಎಂಬವರು ಕೆಲವು ಸರಳ ಸೂತ್ರಗಳನ್ನು ಕೊಟ್ಟಿದ್ದಾರೆ. ಬೀಜದ ತೇವಾಂಶವು ನೂರಕ್ಕೆ ೧೪ರಿಂದ ೫ರವರೆಗಿನ ಮಿತಿಯಲ್ಲಿ ಒಂದೊಂದು ಅಂಶ ಇಳಿದಂತೆಲ್ಲ ಆಯುಸ್ಸು ಇಮ್ಮಡಿಸುತ್ತದೆ. ಉಗ್ರಾಣದ ಉಷ್ಣತೆಯು ಫ್ಯಾರನ್‌ಹೀಟಿನ ೧೦ ಡಿಗ್ರಿ ಇಳಿದಾಗಲೊಮ್ಮೆ ಮತ್ತೆ ಇಮ್ಮಡಿಸುತ್ತದೆ. ಇವು ತೂಕದ ಕಲ್ಲಿನಷ್ಟು ಕರಾರುವಾಕ್ಕಾದ ಮಾತುಗಳಲ್ಲ, ಅಂದಾಜಿನ ಮಾತುಗಳು. ಆದರೂ ತೇವಾಂಶವು ೧೨ ಇದ್ದ ಬೀಜಕ್ಕಿಂತ ೯ಕ್ಕೆ ಒಣಗಿಸಿದ ಬೀಜವು ಹೆಚ್ಚುಕಡಿಮೆ ಎಂಟು ಪಟ್ಟು ಕಾಲ ಬಾಳೀತೆಂದು ಇದರಿಂದ ತಿಳಿದರೆ, ಉಗ್ರಾಣದ ಬಾಗಿಲಲ್ಲಿ ಮೂರು ಅಂಶದ ತೇವವನ್ನು ಕುರಿತು ಜಗ್ಗಾಡುವುದು ಅರ್ಥವಿಲ್ಲದ ಕೆಲಸವಲ್ಲವೆಂದು ಯಾರಿಗಾದರೂ ಮನವರಿಕೆಯಾಗುತ್ತದೆ.

ಅವರದೇ ಇನ್ನೊಂದು ಸೂತ್ರವು ನಮ್ಮ ಪ್ರಸ್ತುತ ವಿಷಯಕ್ಕೆ ಮತ್ತಷ್ಟು ಸಮೀಪವಾದುದು. ಉಗ್ರಾಣದ ಉಷ್ಣತೆಯನ್ನು ಫ್ಯಾರನ್‌ಹೀಟಿನಲ್ಲಿ ಬರೆದು, ಗಾಳಿಯ ತೇವವನ್ನು ನೂರಕ್ಕೆ ಇಷ್ಟೆಂದು ಅದರ ಪಕ್ಕದಲ್ಲಿ ಬರೆದು, ಎರಡನ್ನೂ ಕೂಡಿಸಿದರೆ ಮೊತ್ತವು ೧೦೦ನ್ನು ಮೀರದಿರುವುದು ಲೇಸು. ನಮ್ಮ ಬಯಲುಸೀಮೆಯ ತಗಡಿನ ಗುದಾಮಿನಲ್ಲಿ ಈ ಕೂಡಿಸುವ ಲೆಕ್ಕವನ್ನು ಮಾಡಿ ನೋಡೋಣ. ವೈಶಾಖದ ಮಧ್ಯಾಹ್ನ ಹೊರಗಿನ ಉಷ್ಣತೆಯೇ ೧೦೪ ಡಿಗ್ರಿ ಮುಟ್ಟಿದ ದಿನ, ಗಾಳಿಯ ತೇವ ೨೫ ಇದ್ದರೆ, ಮೊತ್ತ ೧೨೯. ಜೂನಿನಲ್ಲಿ ಮಳೆ ಹಿಡಿದು ಉಷ್ಣತೆಯು ೮೬ಕ್ಕೆ ಇಳಿದು ತೇವವು ೮೦ಕ್ಕೆ ಏರಿದ ದಿನ, ಮೊತ್ತ ೧೬೬. ಬೀಜವು ಒಳಗೆ ಬಂದ ಕಾರ್ತಿಕದಲ್ಲಿಯೂ, ಉಷ್ಣತೆ ೮೦, ತೇವ ೬೦ ಎಂದು ಹಿಡಿದರೆ, ೧೪೦. ಅಂದರೆ ಎಂಟು ತಿಂಗಳಲ್ಲಿ ಸಾಮಾನ್ಯ ಗುದಾಮು ಆ ಮೇರೆಯ ಸಮೀಪಕ್ಕೆ ಬರುವುದು ಅಪರೂಪ. ೫೯ ಡಿಗ್ರಿಗೆ ತಂಪು ಮಾಡಿ ತೇವವನ್ನು ೪೦ಕ್ಕೆ ಇಳಿಸಿದ ಕೋಣೆಯಾದರೆ ಮೊತ್ತವು ೯೯. ಅದು ಬೀಜದ ಮನೆ.

ಇಲ್ಲಿ ನಮ್ಮ ಹವೆಗೆ ಸಲ್ಲಬೇಕಾದ ಒಂದು ನ್ಯಾಯವನ್ನು ಸಲ್ಲಿಸತಕ್ಕದ್ದು. ಕರಾವಳಿಯ ಬೇಸಿಗೆಗಿಂತ ಬೀದರದ ಬೇಸಿಗೆಯು ಬೀಜಕ್ಕೆ ಎಷ್ಟೋ ಮೇಲು. ಬೀಜವು ತನ್ನ ಸುತ್ತಣ ಗಾಳಿಯೊಡನೆ ತೇವವನ್ನು ಕೊಟ್ಟು ತೆಗೆದುಕೊಳ್ಳುತ್ತಲೇ ಇರುತ್ತದೆ. ಗಾಳಿಯ ತೇವವು ೪೫ ಇದ್ದಲ್ಲಿ ಸೋಯಾ ಬೀಜದ ತೇವಾಂಶವು ಸುಮಾರು ಏಳೂವರೆಗೆ ಬಂದು ನಿಲ್ಲುತ್ತದೆ. ೭೫ ಇದ್ದಲ್ಲಿ ೧೩ಕ್ಕೆ, ೯೦ ಇದ್ದಲ್ಲಿ ೧೮ಕ್ಕೂ ಮೇಲಕ್ಕೆ ಏರುತ್ತದೆ. ಆದುದರಿಂದ ಚೈತ್ರದ ಒಣಗಾಳಿಯು ಬೀಜವನ್ನು ಒಣಗಿಸಿ, ಉರಿಯುವ ಸೆಕೆಯ ಕೆಡುಕನ್ನು ಒಂದಿಷ್ಟು ತಗ್ಗಿಸುತ್ತದೆ. ಆದರೆ ಈ ಉಪಕಾರಕ್ಕೆ ಎರಡು ಬಗೆಯ ಬಡ್ಡಿಯುಂಟು. ತೀರ ಒಣಗಿದ ಕಾಳು ಗಾಜಿನಂತೆ ಬಿರುಸಾಗಿ, ಹಮಾಲನು ಲಾರಿಯಿಂದ ಮೂಟೆಯನ್ನು ಎತ್ತಿ ಒಗೆದಾಗ ಒಳಗೇ ಬಿರಿಯುತ್ತದೆ. ಹಾಗೆ ಒಣಗಿದ್ದು ಒಮ್ಮೆಲೇ ಹಸಿಮಣ್ಣಿಗೆ ಬಿದ್ದರೆ ನೀರನ್ನು ಗಬಗಬನೆ ಹೀರಿ ತನ್ನ ಕೋಶಗಳನ್ನು ತಾನೇ ಹರಿದುಕೊಳ್ಳುತ್ತದೆ. ಇನ್ನು ಮೇ ತಿಂಗಳ ಗುಡುಗುಮಳೆಗಳು ಬಂದು, ಸೆಕೆಯು ಇಳಿಯುವ ಮುನ್ನವೇ ಗಾಳಿಯು ತೇವವಾಗುವ ಆ ಮೂರು ನಾಲ್ಕು ವಾರಗಳಂತೂ ಬೀಜಕ್ಕೆ ಯಮಗಂಡಕಾಲ. ಸರಿಯಾಗಿ ಆ ವಾರಗಳಲ್ಲಿಯೇ ಮೂಟೆಗಳು ದೊಡ್ಡ ಉಗ್ರಾಣವನ್ನು ಬಿಟ್ಟು ಹೋಬಳಿಯ ರೈತ ಸಂಪರ್ಕ ಕೇಂದ್ರಗಳಿಗೂ ಸಂಘಗಳ ಕೋಣೆಗಳಿಗೂ ಅಂಗಡಿಗಳಿಗೂ ಬಂದು ಬೀಳುವವು. ಅಲ್ಲಿನ ನೆಲ ಸಿಮೆಂಟಿನದು, ಗೋಡೆಯು ಹಸಿಯದು, ಪಕ್ಕದಲ್ಲಿ ಗೊಬ್ಬರದ ಚೀಲಗಳ ರಾಶಿ!

ಈಗ ಕಾಯಿದೆಯ ಕಡೆಗೆ ತಿರುಗೋಣ. ೧೯೬೬ರ ಬೀಜ ಕಾಯಿದೆಯ ಮೇರೆಗೆ ನಿಗದಿಯಾದ ಮಾನಗಳ ಪ್ರಕಾರ ಪ್ರಮಾಣಿತ ಸೋಯಾ ಬೀಜದಲ್ಲಿ ನೂರಕ್ಕೆ ೭೦ ಕಾಳುಗಳಾದರೂ ಮೊಳೆಯಬೇಕು. ಗಾಳಿಯಾಡುವ ಚೀಲದಲ್ಲಿ ತುಂಬಿದ್ದಾದರೆ ತೇವಾಂಶವು ೧೨ನ್ನು ಮೀರಬಾರದು, ತೇವವು ಒಳಹೋಗದ ಚೀಲದಲ್ಲಾದರೆ ೭ನ್ನು ಮೀರಬಾರದು. ಗೋಧಿಗೆ ೮೫, ಬತ್ತಕ್ಕೆ ೮೦ ಎಂದು ಗೊತ್ತು ಮಾಡಿದ ಶಾಸ್ತ್ರಜ್ಞರು ಸೋಯಾಕ್ಕೆ ೭೦ಕ್ಕೇ ತೃಪ್ತರಾದದ್ದು ಅದರ ಬಲಹೀನತೆಯನ್ನು ಅರಿತೇ. ಅದರಲ್ಲಿ ನಮ್ಮ ತಕರಾರಿಲ್ಲ. ತಕರಾರು ಇರುವುದು ದಿನಾಂಕದಲ್ಲಿ. ಚೀಟಿಯ ಮೇಲಿನ ಪ್ರಮಾಣವು ಪರೀಕ್ಷೆಯಾದ ದಿನದಿಂದ ೯ ತಿಂಗಳವರೆಗೆ ಊರ್ಜಿತ. ಡಿಸೆಂಬರಿನ ತಂಪಿನಲ್ಲಿ ಪರೀಕ್ಷೆಗೆ ಹೋಗಿ ೭೪ ಎಂದು ತೇರ್ಗಡೆಯಾದ ದಾಸ್ತಾನು ಮುಂದಿನ ಸೆಪ್ಟೆಂಬರಿನವರೆಗೂ ಕಾಯಿದೆಯ ಕಣ್ಣಿನಲ್ಲಿ ೭೦ಕ್ಕೆ ಮೇಲಿನದೇ. ನಡುವೆ ಇಡೀ ಬೇಸಿಗೆಯು ಕಳೆದುಹೋಗಿರುತ್ತದೆ. ೯ ತಿಂಗಳೆಂಬ ಈ ಗಡುವು ಜೋಳಕ್ಕೂ ಗೋಧಿಗೂ ಸಾಕಾದೀತು. ಸೋಯಾ ಅವರೆಯ ವಿಷಯದಲ್ಲಿ ಅದು ಮಾಘದ ನಾಡಿಯನ್ನು ಹಿಡಿದು ಆಷಾಢದ ಆರೋಗ್ಯಕ್ಕೆ ಸರ್ಟಿಫಿಕೇಟು ಬರೆದಂತೆ. ಅಧಿಕಾರಿಯು ಸುಳ್ಳು ಹೇಳುತ್ತಿಲ್ಲ, ಮಾರಾಟಗಾರನು ಚೀಟಿಯನ್ನು ತಿದ್ದಿಲ್ಲ, ಹೀಗಿದ್ದೂ ಒಕ್ಕಲಿಗನ ಹೊಲದಲ್ಲಿ ಸಾಲುಗಳಿಲ್ಲ. ಈ ಗಂಟನ್ನು ಬಿಡಿಸದೆ ಬೇರೆ ಎಷ್ಟು ತಪಾಸಣೆ ನಡೆದರೂ ಫಲವಿಲ್ಲವೆಂದೇ ನಮ್ಮ ಅಭಿಪ್ರಾಯ.

ಇದರ ಮೇಲೆ ಇನ್ನೊಂದು ಸಂಗತಿಯನ್ನು ಲಕ್ಷ್ಯಕ್ಕೆ ತರಬೇಕು. ಮೊಳಕೆಯ ಪರೀಕ್ಷೆಯು ನಡೆಯುವುದು ೨೫ ಡಿಗ್ರಿ ಸೆಂಟಿಗ್ರೇಡಿನ ಹಿತವಾದ ಪೆಟ್ಟಿಗೆಯಲ್ಲಿ, ಒದ್ದೆ ಕಾಗದದ ಮೇಲೆ, ಎಂಟು ದಿನ. ಅಲ್ಲಿ ಬೂಷ್ಟಿಲ್ಲ, ಹೆಂಟೆಯಿಲ್ಲ, ಬಿಸಿಲಿಲ್ಲ. ಮುಪ್ಪಾದ ಬೀಜವು ಆ ಹಾಸಿಗೆಯಲ್ಲಿ ಎದ್ದು ಕೂಡಬಲ್ಲುದು; ಒಂದೂವರೆ ಅಂಗುಲ ಕರಿಮಣ್ಣನ್ನು ತಲೆಯಿಂದ ನೂಕಿ ಮೇಲಕ್ಕೆ ಬರಲಾರದು. ಮೊಳೆಯುವುದು ಬೇರೆ, ಕಸುವು ಬೇರೆ. ಕಸುವನ್ನು ಅಳೆಯುವುದಕ್ಕೂ ಪರೀಕ್ಷೆಗಳಿವೆ. ಬೀಜವನ್ನು ೪೧ ಡಿಗ್ರಿಯ ಸೆಕೆಯಲ್ಲಿ, ತೇವದಿಂದ ತುಂಬಿದ ಗಾಳಿಯಲ್ಲಿ ೭೨ ತಾಸು ಇಟ್ಟು, ಆಮೇಲೆ ಮೊಳೆಯಲು ಬಿಡುತ್ತಾರೆ. ಮೂರು ದಿನಗಳಲ್ಲಿ ಒಂದು ಬೇಸಿಗೆಯನ್ನು ಉಣಿಸಿ ನೋಡಿದಂತೆ ಅದು. ಯಾವ ದಾಸ್ತಾನು ಈ ಪೆಟ್ಟನ್ನು ತಾಳುತ್ತದೆಯೋ ಅದನ್ನು ಬೇಸಿಗೆಗೆ ಉಳಿಸಿಕೊಳ್ಳಬಹುದು. ತಾಳದುದನ್ನು ಪುಷ್ಯದಲ್ಲಿಯೇ ಗಿರಣಿಗೆ ಕಳುಹಿಸಬಹುದು. ಇದಕ್ಕೆ ಬೇಕಾದ ಪೆಟ್ಟಿಗೆಯು ಆನೆಯ ಬೆಲೆಯದೇನೂ ಅಲ್ಲ. ಕಾಯಿದೆಯು ಇದನ್ನು ಕೇಳುವುದಿಲ್ಲ. ಕೇಳದೆ ಇದ್ದುದನ್ನು ಮಾಡಿಸುವ ರೂಢಿಯು ನಮ್ಮ ಕಚೇರಿಗಳಲ್ಲಿ ಕಡಿಮೆ.

ಎಲ್ಲ ದೋಷವನ್ನೂ ಉಗ್ರಾಣದ ತಲೆಗೆ ಕಟ್ಟಿದರೆ ಅನ್ಯಾಯವಾದೀತು. ಕಾಯಿ ಬಲಿತ ಮೇಲೆ ಹೊಲದಲ್ಲಿ ಮಳೆಗೆ ಸಿಕ್ಕ ಫಸಲು, ರಾಶಿಯ ಯಂತ್ರದ ಉರುಳೆಯನ್ನು ಅವಸರದಲ್ಲಿ ವೇಗವಾಗಿ ತಿರುಗಿಸಿ ಬಡಿದ ಫಸಲು, ಹಸಿಯಿರುವಾಗಲೇ ಗುಡ್ಡೆ ಹಾಕಿ ಬೆಚ್ಚಗಾದ ಫಸಲು, ಇವೆಲ್ಲ ಉಗ್ರಾಣದ ಹೊಸ್ತಿಲನ್ನು ತುಳಿಯುವ ಮೊದಲೇ ರೋಗಿಗಳು. ಜಾತಿಯ ಗುಣವೂ ಉಂಟು. ಮಧ್ಯ ಭಾರತದಲ್ಲಿ ಹಿಂದೆ ಬೆಳೆಯುತ್ತಿದ್ದ ಕಾಲಿತೂರ್ ಎಂಬ ಕರಿಯ ಸಿಪ್ಪೆಯ ಸಣ್ಣ ಕಾಳು ಈಗಿನ ಹಳದಿಯ ದಪ್ಪ ಕಾಳುಗಳಿಗಿಂತ ಉಗ್ರಾಣದಲ್ಲಿ ಹೆಚ್ಚು ತಾಳುತ್ತಿತ್ತು. ಮಾರುಕಟ್ಟೆಗೆ ಹಳದಿಯೇ ಬೇಕಾಯಿತು. ಆದರೆ ಆರೋಗ್ಯವಂತನನ್ನೇ ಕೊಲ್ಲಬಲ್ಲ ಕೋಣೆಯು ರೋಗಿಯನ್ನು ಉಳಿಸೀತೆ? ಮಳೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಕೋಣೆಯನ್ನು ಸರಿಪಡಿಸುವುದು ನಮ್ಮ ಕೈಯಲ್ಲಿದೆ.

ತಂಪಿನ ಮನೆಗಳೆಂದರೆ ನಮ್ಮ ನಾಡಿಗೆ ಅಪರಿಚಿತವಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಕೆಂಪು ಮಾಸದಿರಲೆಂದು ಸಾಲುಸಾಲಾಗಿ ಶೀತಗೃಹಗಳು ಎದ್ದಿವೆ. ವಿಜಯಪುರದಲ್ಲಿ ಒಣದ್ರಾಕ್ಷಿಯು ತಂಪಿನಲ್ಲಿಯೇ ಬೆಲೆಗಾಗಿ ಕಾಯುತ್ತದೆ. ಬಣ್ಣವನ್ನು ಕಾಪಾಡಲು ಹಣ ತೊಡಗಿಸುವ ನಾಡಿಗೆ ಬೀಜದ ಜೀವವನ್ನು ಕಾಪಾಡಲು ಹಣವಿಲ್ಲವೆಂದರೆ ಯಾರು ನಂಬುವರು? ಆದರೆ ಇಲ್ಲಿ ಒಂದು ಎಚ್ಚರಿಕೆಯು ಅಗತ್ಯ. ಬರಿಯ ತಂಪಿನಿಂದ ಕಾರ್ಯವಾಗದು. ಬಟಾಟೆಯನ್ನು ಇಡುವ ತಂಪಿನ ಮನೆಯಲ್ಲಿ ಗಾಳಿಯು ತೇವದಿಂದ ತುಂಬಿರುತ್ತದೆ. ಅಂಥಲ್ಲಿ ಬೀಜವನ್ನು ಗೋಣಿಯಲ್ಲಿ ಇಟ್ಟರೆ ತೇವವನ್ನು ಕುಡಿಯುತ್ತದೆ, ಹೊರಗೆ ತಂದ ದಿನ ಮಂಜು ಕಟ್ಟಿ ಬೆವರುತ್ತದೆ. ತಂಪಿನೊಡನೆ ತೇವವನ್ನು ಹೀರುವ ಯಂತ್ರವೂ ಇರಬೇಕು, ಇಲ್ಲವೆ ಬೀಜವನ್ನು ಮೊದಲೇ ಚೆನ್ನಾಗಿ ಒಣಗಿಸಿ ತೇವ ಹೊಗದ ಚೀಲದಲ್ಲಿ ಕಟ್ಟಿರಬೇಕು. ಅರ್ಧ ತಿಳಿದು ಕಟ್ಟಿದ ತಂಪಿನ ಮನೆಯು ತಗಡಿನ ಗುದಾಮಿಗಿಂತ ಮೇಲೆಂದು ಹೇಳಲಾರೆವು.

ಎಲ್ಲ ದಾಸ್ತಾನನ್ನೂ ತಂಪಿನಲ್ಲಿ ಇಡುವುದು ಸಾಧ್ಯವಿಲ್ಲವೆಂದು ಬೀಜದ ಸಂಸ್ಥೆಗಳು ಹೇಳುವುವು. ಎಕರೆಗೆ ಸುಮಾರು ೩೦ ಕಿಲೋಗ್ರಾಮಿನಂತೆ ಬೇಕಾಗುವ ಬೀಜವಿದು. ತೊಗರಿಯಂತೆ ಸೇರಿನ ಲೆಕ್ಕದಲ್ಲಿ ಮುಗಿಯುವುದಿಲ್ಲ. ಅವರ ಮಾತಿನಲ್ಲಿ ಸತ್ಯಾಂಶವುಂಟು. ಹೀಗಿರಲು ತಂಪಿನ ಮನೆಯನ್ನು ತಳಿಬೀಜಕ್ಕೂ ಮೂಲಬೀಜಕ್ಕೂ ಮೊದಲು ಮೀಸಲಿಡಲಿ. ಉಳಿದ ಪ್ರಮಾಣಿತ ಬೀಜಕ್ಕೆ ಗಾಳಿಯಾಡದ ಒಳಚೀಲಗಳನ್ನು ಬಳಸಲಿ. ಅವು ಈಗ ಪೇಟೆಯಲ್ಲಿ ದೊರೆಯುತ್ತವೆ. ಒಣಗಿಸದೆ ಅವುಗಳಲ್ಲಿ ತುಂಬಿದರೆ ಬೀಜವು ತನ್ನ ತೇವದಲ್ಲಿ ತಾನೇ ಬೆಂದೀತೆಂಬುದನ್ನು ಮರೆಯಬಾರದಷ್ಟೆ. ಇನ್ನು ತಗಡಿನ ಗುದಾಮೇ ಗತಿಯೆಂಬಲ್ಲಿ, ಮೂಟೆಗಳನ್ನು ಮರದ ಹಲಗೆಗಳ ಮೇಲೆ, ಗೋಡೆಯಿಂದ ಒಂದು ಮೊಳ ದೂರದಲ್ಲಿ, ನಾಲ್ಕೈದಕ್ಕಿಂತ ಎತ್ತರವಾಗದಂತೆ ಇಡುವುದಕ್ಕೂ, ತಗಡಿನ ಮೇಲೆ ಸುಣ್ಣ ಬಳಿಯುವುದಕ್ಕೂ, ಗೊಬ್ಬರವನ್ನು ಬೇರೆ ಕೋಣೆಗೆ ಸಾಗಿಸುವುದಕ್ಕೂ ಯಾವ ಆಯವ್ಯಯದ ಮಂಜೂರಾತಿಯೂ ಬೇಕಾಗಿಲ್ಲ. ಹತ್ತು ಹನ್ನೆರಡು ಮೂಟೆ ಎತ್ತರದ ಅಟ್ಟಿಯ ಅಡಿಯಲ್ಲಿ ಸಿಕ್ಕ ಬೀಜವು ಭಾರದಿಂದಲೇ ಜಜ್ಜಿಹೋಗುತ್ತದೆ. ಮೂಟೆಯನ್ನು ಒಗೆಯದೆ ಇಳಿಸಿದ ಹಮಾಲನಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ಅದೂ ಲಾಭವೇ.

ಬೇಸಿಗೆಯ ಬೆಳೆಯಿಂದ ಬೀಜವನ್ನು ಪಡೆಯುವ ಉಪಾಯವನ್ನೂ ಕೆಲವರು ಸೂಚಿಸುತ್ತಾರೆ. ನೀರಾವರಿಯುಳ್ಳ ಹೊಲದಲ್ಲಿ ಜನವರಿಯ ಸುಮಾರಿಗೆ ಬಿತ್ತಿ ಏಪ್ರಿಲ್-ಮೇಯಲ್ಲಿ ಕೊಯ್ದರೆ ಬೀಜವು ಉಗ್ರಾಣದಲ್ಲಿ ಇರಬೇಕಾದುದು ಒಂದೇ ತಿಂಗಳು; ಮಹಾರಾಷ್ಟ್ರದಲ್ಲಿ ಇದನ್ನು ಮಾಡಿಯೂ ನೋಡಿದ್ದಾರೆ. ಇಳುವರಿಯು ಕಡಿಮೆ, ನೀರು ಬೇಕು. ನೀರಿರುವಲ್ಲಿ ನಡೆಯಲಿ.

ಒಕ್ಕಲಿಗನಿಗೆ ಮನೆಯ ಬೀಜವನ್ನೇ ಬಿತ್ತೆಂದು ಉಪದೇಶಿಸುವವರೂ ಇದ್ದಾರೆ. ಸೋಯಾ ಅವರೆಯು ತನ್ನ ಹೂವಿನಿಂದಲೇ ತಾನು ಕಾಯಿಗಟ್ಟುವ ಬೆಳೆಯಾದುದರಿಂದ ಒಮ್ಮೆ ಕೊಂಡ ಒಳ್ಳೆಯ ಬೀಜದ ಸಂತತಿಯನ್ನು ಎರಡು ಮೂರು ವರುಷ ಬಿತ್ತುವುದಕ್ಕೆ ಅಡ್ಡಿಯಿಲ್ಲ. ಉಪದೇಶವು ಒಳ್ಳೆಯದೇ. ನೂರು ಕಾಳುಗಳನ್ನು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸಾಲಾಗಿ ಇಟ್ಟು ಸುರುಳಿ ಸುತ್ತಿ, ವಾರದ ಮೇಲೆ ಬಿಚ್ಚಿ ನೋಡಿದರೆ ಬೀಜದ ಯೋಗ್ಯತೆಯು ಮನೆಯಲ್ಲಿಯೇ ಗೊತ್ತಾಗುತ್ತದೆ. ೭೦ ಮೊಳೆತರೆ ಬಿತ್ತಬಹುದು. ೬೦ ಆದರೆ ಆ ಪ್ರಮಾಣಕ್ಕೆ ಸರಿಯಾಗಿ ಬೀಜವನ್ನು ಹೆಚ್ಚಿಸಬೇಕು. ಅದಕ್ಕೂ ತೀರ ಕೆಳಗಾದರೆ ಹೊಲಕ್ಕೆ ಒಯ್ಯದಿರುವುದೇ ಲೇಸು. ಆದರೆ ಸಾಲದ ಕಂತಿಗಾಗಿ ದೀಪಾವಳಿಯೊಳಗೆ ರಾಶಿಯನ್ನೆಲ್ಲ ಪೇಟೆಗೆ ಸಾಗಿಸಬೇಕಾದವನು, ಎರಡು ಕೋಣೆಯ ಮನೆಯಲ್ಲಿ ದನಕರುಗಳೊಡನೆ ಇರುವವನು, ನಾಲ್ಕು ಚೀಲ ಬೀಜವನ್ನು ಯಾವ ಮೂಲೆಯಲ್ಲಿ ತಣ್ಣಗೆ ಇಡಬೇಕು? ದೊಡ್ಡ ಉಗ್ರಾಣಗಳಿಗೆ ಸಾಧ್ಯವಾಗದುದನ್ನು ಅವನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ಸಲ್ಲದು.

ಮೊಳೆಯದ ಬೀಜದಿಂದ ಹೋಗುವುದು ಬೀಜದ ದುಡ್ಡೊಂದೇ ಎಂದು ಪಟ್ಟಣದವರು ಎಣಿಸುವುದುಂಟು. ಉಳುಮೆಯ ಖರ್ಚು, ಗೊಬ್ಬರದ ಖರ್ಚು, ಆಳಿನ ಕೂಲಿಗಳು ಅದರೊಡನೆ ಹೋಗುತ್ತವೆ. ಅವಕ್ಕಿಂತ ಹೆಚ್ಚಿನದು ಹದ. ಮುಂಗಾರಿನ ಬಿತ್ತಿಗೆಗೆ ಇರುವ ಎರಡು ಮೂರು ವಾರಗಳಲ್ಲಿ ಒಂದು ವಾರವನ್ನು ಸತ್ತ ಬೀಜದ ಮೇಲೆ ಕಾಯುತ್ತ ಕಳೆದವನು ಎರಡನೆಯ ಸಲ ಬಿತ್ತುವಷ್ಟರಲ್ಲಿ ಪೇಟೆಯಲ್ಲಿ ಬೀಜವಿರುವುದಿಲ್ಲ. ಇದ್ದರೆ ಬೆಲೆಯು ಅವನಿಗೆ ಎಟುಕುವುದಿಲ್ಲ. ೨೦೧೨ರಲ್ಲಿ ಸುಪ್ರೀಂ ಕೋರ್ಟು ಬೀಜವನ್ನು ಕೊಂಡ ಒಕ್ಕಲಿಗನು ಗ್ರಾಹಕನೇ ಹೌದೆಂದೂ ಗ್ರಾಹಕರ ನ್ಯಾಯಸ್ಥಾನಕ್ಕೆ ಹೋಗಿ ಪರಿಹಾರವನ್ನು ಕೇಳಬಹುದೆಂದೂ ತೀರ್ಪು ಕೊಟ್ಟದ್ದು ಸ್ತುತ್ಯವಾದುದು. ಆದರೆ ಆ ಬಾಗಿಲನ್ನು ತಟ್ಟಲು ಅವನಿಗೆ ವಕೀಲನು ಬೇಕು, ವಾಯಿದೆಗಳು ಬೇಕು. ಚೀಲವನ್ನೆಲ್ಲ ಬಿತ್ತಿ ಮುಗಿಸಿದವನ ಬಳಿ ತೋರಿಸಲು ಒಂದು ಹಿಡಿ ಮಾದರಿಯೂ ಉಳಿದಿರುವುದಿಲ್ಲ. ಗೆದ್ದ ವ್ಯಾಜ್ಯದ ಹಣವು ಕಳೆದ ಮೃಗಶಿರೆಯನ್ನು ಹಿಂದಕ್ಕೆ ತರಲಾರದು.

ಆದುದರಿಂದ ನಾವು ಕೇಳುವುದು ದೊಡ್ಡ ಸುಧಾರಣೆಯನ್ನಲ್ಲ. ಸೋಯಾ ಅವರೆಯ ಮಟ್ಟಿಗೆ ೯ ತಿಂಗಳ ಗಡುವಿನ ಆಸರೆಯನ್ನು ಬಿಟ್ಟು, ಪ್ರತಿಯೊಂದು ದಾಸ್ತಾನನ್ನೂ ಏಪ್ರಿಲ್ ತಿಂಗಳಲ್ಲಿ ಮತ್ತೊಮ್ಮೆ ಪರೀಕ್ಷಿಸಿ, ಆ ಎರಡನೆಯ ದಿನಾಂಕವನ್ನೂ ಎರಡನೆಯ ಅಂಕಿಯನ್ನೂ ಚೀಲದ ಮೇಲೆ ಕನ್ನಡದಲ್ಲಿ ಅಚ್ಚೊತ್ತುವುದು. ಆ ಬೀಜವು ಯಾವ ಊರಿನ ಯಾವ ಉಗ್ರಾಣದಲ್ಲಿ ಬೇಸಿಗೆಯನ್ನು ಕಳೆಯಿತೆಂಬುದನ್ನೂ ಅದರ ಕೆಳಗೆ ಬರೆಯುವುದು. ಹೊರ ಪ್ರಾಂತದಿಂದ ಲಾರಿಗಳಲ್ಲಿ ಬರುವ ಬೀಜಕ್ಕೂ ಇದೇ ನಿಯಮವಿರಲಿ. ಹೀಗೆ ಮಾಡಿದರೆ ಜೂನಿನಲ್ಲಿ ಬೀಜದ ಅಭಾವವಾದೀತೆಂಬ ಭಯವು ಕೃಷಿ ಇಲಾಖೆಯವರಿಗೆ ಸಹಜವಾಗಿಯೇ ಇದೆ. ಗುರಿಯ ಅಂಕಿಯನ್ನು ಮುಟ್ಟದೆ ಹೋದರೆ ಅವರೇ ಉತ್ತರ ಕೊಡಬೇಕಾದವರು. ಆದರೆ ಅಭಾವವು ಏಪ್ರಿಲಿನಲ್ಲಿ ಗೊತ್ತಾದರೆ ಹೆಸರು, ಉದ್ದು, ತೊಗರಿಗಳ ಬೀಜವನ್ನು ತರಿಸಲು ಆರು ವಾರಗಳಿರುತ್ತವೆ. ಜುಲೈಯಲ್ಲಿ ಬೋಳು ಹೊಲವನ್ನು ನೋಡಿ ಗೊತ್ತು ಮಾಡಿಕೊಂಡರೆ ಒಂದು ದಿನವೂ ಇರುವುದಿಲ್ಲ.

ಕೊನೆಯದಾಗಿ ಅಧಿಕಾರಿಗಳ ಗಮನಕ್ಕೆ ತರಬೇಕಾದ ಒಂದು ಸಣ್ಣ ಸಂಗತಿ. ಬೀಜಕ್ಕೆ ಬಣ್ಣದ ವಿಷೌಷಧವನ್ನು ಹಚ್ಚಿದ ಮೇಲೆ ಅದು ಗಿರಣಿಗೂ ಸಲ್ಲದು, ದನದ ಬಾಯಿಗೂ ಸಲ್ಲದು. ತೇರ್ಗಡೆಯಾಗದ ಇಂಥ ದಾಸ್ತಾನನ್ನು ಏನು ಮಾಡಬೇಕೆಂದು ತೋಚದಿರುವುದೂ ಅದು ಹೇಗೋ ಹೊಲಕ್ಕೆ ಸಾಗುವುದಕ್ಕೆ ಒಂದು ಕಾರಣವಾಗಬಹುದು. ಮರುಪರೀಕ್ಷೆಯು ಔಷಧವನ್ನು ಹಚ್ಚುವುದಕ್ಕೆ ಮೊದಲು ಮುಗಿದರೆ ಸೋತ ಮೂಟೆಗಳು ಗಿರಣಿಯ ಬೆಲೆಗಾದರೂ ಹೋಗುತ್ತವೆ. ಔಷಧದ ಡಬ್ಬಿಯ ಮುಚ್ಚಳವನ್ನು ಆಮೇಲೆ ತೆರೆಯಲಿ.